ನಾಲ್ಕನೇ ಕ್ರಾಸಿನ ಸಂಧಾನ ತಿಂಡಿ

ನವೆಂಬರ್ ಒಂದರೊಳಗೆ ಚಾಮರಾಜಪೇಟೆ ನಾಲ್ಕನೇ ಕ್ರಾಸಿನ ವಾಟ್ಸಾಪ್ ಗುಂಪಿನಲ್ಲಿ ರಾಜಕೀಯದ ಬೈಗುಳ ಹೇಳಹೆಸರಿಲ್ಲದಂತಾಗಬೇಕು, ಆಗದಿದ್ದರೆ ನನ್ನ ಹೆಸರು ಚಿದಂಬರನೇ ಅಲ್ಲ ಎಂದು ಗುಂಪಿನ ಅಡ್ಮಿನ್ ಚಿದಂಬರ ಒಂದು ಬೆಳಿಗ್ಗೆ ಬಚ್ಚಲಮನೆಯಲ್ಲಿ ನಿಂತು ಶಪಥ ಮಾಡಿದ. ಬಾಯಿತುಂಬ ಪೇಸ್ಟಿನ ನೊರೆ ಇದ್ದುದರಿಂದ ಆ ಘೋರ ಪ್ರತಿಜ್ಞೆ ಹೆಂಡತಿ ಹಂಸಾಗೆ ಅರ್ಧಂಬರ್ಧ ಕೇಳಿಸಿತು.

"ಬಿಸಿನೀರು ಬೇಕಿತ್ತಾ?" ಎಂದಳು.

"ಲೇ, ದೇಶದ ವಿಷಯ ಮಾತಾಡ್ತಿದೀನಿ. ಕಾಫಿ ಎಲ್ಲಿ?" ಎಂದ ಚಿದಂಬರ.

ಶಪಥದ ಹಿಂದೆ ಒಂದು ಹಳೆಯ ಆಸೆಯಿತ್ತು. ಚಿಕ್ಕಪೇಟೆಯಲ್ಲಿರುವ ಅವನ ಅಂಗಡಿಯಲ್ಲಿ ಮಾರುವುದೆಲ್ಲ ಸನ್ಮಾನದ ಸಾಮಾನು. ಮೈಸೂರು ಪೇಟ, ಜರಿ ಶಾಲು, ಗಂಧದ ಹಾರ, ಗಾಜಿನ ಪೆಟ್ಟಿಗೆಯೊಳಗಿನ ಸ್ಮರಣಿಕೆ. ಊರಿನ ಮಂತ್ರಿಗಳು, ಕವಿಗಳು, ಕುಸ್ತಿಯವರು, ನಿವೃತ್ತರಾಗುವ ಹೆಡ್ ಮಾಸ್ತರರು, ಒಮ್ಮೆ ಬಹುಮಾನ ಗೆದ್ದ ಒಂದು ಎತ್ತು ಕೂಡ ಅವನ ಅಂಗಡಿಯ ಪೇಟವನ್ನೇ ತೊಟ್ಟು ಧನ್ಯರಾಗಿದ್ದರು. ಆದರೆ ಚಿದಂಬರನ ತಲೆಗೆ ಮಾತ್ರ ಯಾರೂ ಒಂದು ಪೇಟ ಇಟ್ಟಿರಲಿಲ್ಲ. ಅಂಗಡಿಯ ಕನ್ನಡಿಯ ಮುಂದೆ ತಾನೇ ಇಟ್ಟುಕೊಂಡು ನೋಡಿದ್ದುಂಟು. ತಾನೇ ಇಟ್ಟುಕೊಂಡರೆ ಅದು ಬರೀ ಟೋಪಿ, ಇನ್ನೊಬ್ಬರು ಇಟ್ಟರೇ ಸನ್ಮಾನ. ಎತ್ತಿಗಿದ್ದ ಯೋಗ ತನಗಿಲ್ಲವಲ್ಲ ಎಂಬ ಕೊರಗು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಇಂಥ ಹೊತ್ತಿನಲ್ಲಿ ಬಡಾವಣೆಯ ಸಂಘದ ಅಧ್ಯಕ್ಷೆ ಗಿರಿಜಾಂಬಾ ಒಂದು ಮಾತು ಹೇಳಿಬಿಟ್ಟಿದ್ದರು. "ಚಿದಂಬರ್, ಬೆಳಿಗ್ಗೆ ಎದ್ದು ಫೋನ್ ನೋಡೋಕೇ ಭಯ ಆಗುತ್ತೆ ಕಣ್ರೀ. ನಮ್ಮ ಗುಂಪಲ್ಲಿ ಸ್ವಲ್ಪ ಶಾಂತಿ ತಂದ್ಬಿಡಿ. ರಾಜ್ಯೋತ್ಸವದ ದಿನ ನಿಮಗೇ ಸನ್ಮಾನ. ‘ಮಾತಿನ ಮರ್ಯಾದೆ’ ಅಂತ ಒಂದು ಭಾಷಣಾನೂ ಮಾಡಿ."

ಗುಂಪು ಹುಟ್ಟಿದ್ದು ಕಾವೇರಿ ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ತಿಳಿಸಲಿಕ್ಕೆ. ಈಗ ಅದರಲ್ಲಿ ನೀರೊಂದು ಬಿಟ್ಟು ಎಲ್ಲವೂ ಹರಿಯುತ್ತಿತ್ತು. ಮುಖ್ಯ ಕಲಿಗಳು ಇಬ್ಬರು. ಒಬ್ಬರು ಮಾಗಡಿ ಕಡೆಯಿಂದ ಬಂದು ಸೈಟು ವ್ಯವಹಾರದಲ್ಲಿ ನೆಲೆನಿಂತ ದೊಡ್ಡಬೈರಪ್ಪನವರು. ಇನ್ನೊಬ್ಬರು ಸಹಕಾರಿ ಬ್ಯಾಂಕಿನಿಂದ ನಿವೃತ್ತರಾದ ಸಿದ್ದಬಸಪ್ಪನವರು. ದೊಡ್ಡಬೈರಪ್ಪನವರ ಮನೆಯ ಮುಂದೆ ಒಂದು ಗುಂಡಿಯಿತ್ತು. ಅದು ಈ ಸರ್ಕಾರದ ಗುಂಡಿಯೋ ಹಿಂದಿನ ಸರ್ಕಾರದ ಗುಂಡಿಯೋ ಎಂಬ ಪ್ರಶ್ನೆಗೆ ಇಬ್ಬರೂ ತಮ್ಮ ಉಳಿದ ಆಯುಷ್ಯವನ್ನು ಮೀಸಲಿಟ್ಟಿದ್ದರು. ಗುಂಡಿ ಮುಚ್ಚಿದರೆ ಏನು ಗತಿ ಎಂಬ ಭಯವೂ ಇಬ್ಬರಿಗೂ ಇದ್ದಂತೆ ಕಾಣುತ್ತಿತ್ತು.

ಚಿದಂಬರ ತನ್ನ ಅಜ್ಜನನ್ನು ನೆನೆದ. ಪೇಟೆಯಲ್ಲಿ ಇಬ್ಬರು ವ್ಯಾಪಾರಿಗಳು ಕಿತ್ತಾಡಿದರೆ ಅಜ್ಜ ಇಬ್ಬರನ್ನೂ ಮನೆಗೆ ಕರೆಸಿ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುತ್ತಿದ್ದನಂತೆ. ಉಂಡ ಮನೆಯ ಜಗುಲಿಯಲ್ಲಿ ಕೂತು ಯಾರೂ ಬೈದಾಡುವುದಿಲ್ಲ. ಅದೇ ದಿನ ಗುಂಪಿನಲ್ಲಿ ಶಾಸನ ಹೊರಟಿತು: ರಾಜಕೀಯಕ್ಕಾಗಿ ಯಾರು ಯಾರನ್ನು ಬೈದರೂ, ಬೈದವರೂ ಬೈಸಿಕೊಂಡವರೂ ಅಂದೇ ಅಡ್ಮಿನ್ ಮನೆಗೆ ಬಂದು, ಒಂದೇ ಸೋಫಾದಲ್ಲಿ ಕೂತು, ತಿಂಡಿ ತಿಂದು, ಕೈಕುಲುಕಿ ಹೋಗತಕ್ಕದ್ದು.

"ತಿಂಡಿ ಮಾಡೋರು ಯಾರು?" ಎಂದು ಕೇಳಿದಳು ಹಂಸಾ.

"ಇನ್ಯಾರು ಮಾಡ್ತಾರೆ? ನಾನು ಅಡ್ಮಿನ್ನು" ಎಂದ ಚಿದಂಬರ. ಅವಳು ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದಾಗ ಅನುಮಾನಪಡಬೇಕು ಎಂಬ ಬುದ್ಧಿ ಇಷ್ಟು ವರ್ಷ ಸಂಸಾರ ಮಾಡಿದರೂ ಅವನಿಗೆ ಬಂದಿರಲಿಲ್ಲ.

ಮೊದಲ ಸಂಧಾನ ಅದ್ಭುತವಾಗಿ ನಡೆಯಿತು. ಗುಂಪಿನಲ್ಲಿ ಒಬ್ಬರನ್ನೊಬ್ಬರು ನುಂಗುವಂತಿದ್ದ ಆ ಇಬ್ಬರು ಹಿರಿಯರು ಸೋಫಾದ ಎರಡು ತುದಿಯಲ್ಲಿ ಕೂತು, ಉದ್ದಿನವಡೆ ಬಂದ ಮೇಲೆ ನಡುವಿಗೆ ಸರಿದು, ಚಟ್ನಿ ಎರಡನೇ ಸಲ ಬರುವ ಹೊತ್ತಿಗೆ ಭುಜಕ್ಕೆ ಭುಜ ತಾಗಿಸಿದ್ದರು. ಚಿದಂಬರ ಮದುವೆ ಮನೆಯ ಯಜಮಾನನಂತೆ ಓಡಾಡಿದ.

"ಹಂಸಾ, ನಿಂತೂ ನಿಂತೂ ಸಾಕಾಗಿರುತ್ತೆ ನಿಂಗೆ. ಬಾ, ನೀನೂ ಕೂತ್ಕೊಂಡು ಒಂದು ವಡೆ ತಿನ್ನು. ಇವಳ ಕೈ ರುಚಿ ನೋಡಿ ಬೈರಪ್ನೋರೆ, ನಮ್ಮನೆ ಭಾಗ್ಯ ಇದು."

ಹಂಸಾ ಸೆರಗು ಸರಿಮಾಡಿಕೊಂಡು ಕುರ್ಚಿಯ ತುದಿಯಲ್ಲಿ ಕೂತು ಒಂದು ವಡೆ ತಿಂದಳು. ಹಿರಿಯರು ಗೇಟು ದಾಟಿದರು. ಚಿದಂಬರ ಫೋನ್ ಕೈಗೆತ್ತಿಕೊಂಡು, "ಲೇ, ತಟ್ಟೆ ಎತ್ತು" ಎಂದ.

ಅಲ್ಲಿಂದ ಎರಡು ವಾರ ಕಳೆಯುವುದರೊಳಗೆ ಚಿದಂಬರನಿಗೆ ಒಂದು ವಿಚಿತ್ರ ಕಂಡಿತು. ಔಷಧಿ ಕೊಟ್ಟಂತೆಲ್ಲ ರೋಗ ಹೆಚ್ಚುತ್ತಿತ್ತು. ಮೊದಲು ವಾರಕ್ಕೊಮ್ಮೆ ಆಗುತ್ತಿದ್ದ ಜಗಳ ಈಗ ದಿನ ಬಿಟ್ಟು ದಿನ ಆಗತೊಡಗಿತು. ಅದೂ ಬೆಳಗಿನ ಜಾವದ ನಡಿಗೆಯ ಹೊತ್ತಿಗೆ ಸರಿಯಾಗಿ ಶುರುವಾಗಿ, ತಿಂಡಿಯ ಹೊತ್ತಿಗೆ ಸರಿಯಾಗಿ ತಾರಕಕ್ಕೇರುತ್ತಿತ್ತು. ಮಧ್ಯಾಹ್ನ ಒಬ್ಬರೂ ಬೈಯುತ್ತಿರಲಿಲ್ಲ. ಸಂಜೆ ಆ ಗುಂಡಿಯ ನೆನಪೇ ಯಾರಿಗೂ ಇರುತ್ತಿರಲಿಲ್ಲ.

ಅನುಮಾನ ಎಂಬುದು ಅಕ್ಕಿಗೆ ಬಿದ್ದ ಹುಳು. ಒಂದು ಕಂಡರೆ ಚೀಲವನ್ನೇ ಸುರಿದು ನೋಡಬೇಕು. ಚಿದಂಬರ ಸುರಿದು ನೋಡಿದ. ಹಂಸಾ ಹನುಮಂತನಗರದ ಅಕ್ಕನ ಮನೆಗೆ ಹೋದ ದಿನ ಗುಂಪು ಮಠದಂತೆ ಮೌನವಾಗಿತ್ತು. ಉಪ್ಪಿಟ್ಟಿನ ದಿನ ಒಂದು ಸಣ್ಣ ಚಕಮಕಿ ಎದ್ದು, ಇಬ್ಬರೂ ತಾವೇ ಕ್ಷಮೆ ಕೇಳಿಕೊಂಡು ಮನೆಯಲ್ಲೇ ಉಳಿದಿದ್ದರು. ಉದ್ದಿನವಡೆಯ ದಿನ ಮಾತ್ರ ವಂಶವೃಕ್ಷದವರೆಗೆ ಹೋಗಿದ್ದರು. ಮಸಾಲೆದೋಸೆಯ ದಿನವಂತೂ ಸಿದ್ದಬಸಪ್ಪನವರು, ದೊಡ್ಡಬೈರಪ್ಪನವರ ಪಕ್ಷದವರು ಸತ್ತ ಮೇಲೆ ಯಾವ ಯಾವ ಪ್ರಾಣಿಯಾಗಿ ಹುಟ್ಟುತ್ತಾರೆಂದು ವಿವರವಾಗಿ ಬರೆದಿದ್ದರು.

ಅಂದರೆ ತನ್ನ ಅಡುಗೆಮನೆಯ ಗುಟ್ಟು ಹೊರಗೆ ಹೋಗುತ್ತಿದೆ. ಮನೆಯೊಳಗೆ ಗೂಢಚಾರರಿದ್ದಾರೆ.

ಮೊದಲ ಅನುಮಾನ ಹೂವಿನ ಮುನಿಯಮ್ಮನ ಮೇಲೆ ಬಿತ್ತು. ಕೆ.ಆರ್. ಮಾರ್ಕೆಟ್ಟಿನಿಂದ ಹೂವು ತಂದು ದಿನಾ ಸಂಜೆ ಅಡುಗೆಮನೆಯ ಕಿಟಕಿಯ ಹತ್ತಿರವೇ ನಿಂತು ಮಾರು ಅಳೆಯುವವಳು ಅವಳು. ಕಿಟಕಿಯಿಂದ ನೆನೆಸಿದ ಬೇಳೆ ಕಾಣುತ್ತದೆ. ಒಂದು ಸಂಜೆ ಚಿದಂಬರ ಅವಳಿಗೆ ಕೇಳುವಂತೆ ಗಟ್ಟಿಯಾಗಿ, "ನಾಳೆ ಬೆಳಿಗ್ಗೆ ಮಸಾಲೆದೋಸೆ ತಾನೇ?" ಎಂದು ಕೂಗಿದ. ನಿಜಕ್ಕೂ ಮರುದಿನ ಹಿಂದಿನ ರಾತ್ರಿಯ ಅನ್ನಕ್ಕೆ ಚಿತ್ರಾನ್ನದ ಒಗ್ಗರಣೆ ಬೀಳುವುದಿತ್ತು.

"ನಂಗ್ಯಾಕ್ ಯೋಳ್ತೀರಿ ಸಾಮಿ, ನನ್ ಮಗ ಇಡ್ಲಿ ತಂದ್ಕೊಡ್ತಾನೆ" ಎಂದು ಮುನಿಯಮ್ಮ ಬುಟ್ಟಿ ಎತ್ತಿಕೊಂಡು ಹೋದಳು.

ಮರುದಿನ ಗುಂಪಿನಲ್ಲಿ ಜಗಳವಿಲ್ಲ. ಸಿದ್ದಬಸಪ್ಪನವರು ಒಂದು ವಚನ ಹಾಕಿದ್ದರು, ದೊಡ್ಡಬೈರಪ್ಪನವರು ಅದಕ್ಕೆ ಕೈಮುಗಿದಿದ್ದರು. ಅವನು ಕೂಗಿ ಹೇಳಿದ ಸುಳ್ಳನ್ನು ಯಾರೂ ನಂಬಿರಲಿಲ್ಲ. ಚಿತ್ರಾನ್ನದ ನಿಜ ಯಾರಿಗೋ ಗೊತ್ತಿತ್ತು!

ರಾಜ್ಯೋತ್ಸವ ಹತ್ತಿರ ಬಂತು. ಪೇಟ ಕೈತಪ್ಪುವ ಹಾಗಾಯಿತು. ಚಿದಂಬರ ಸುಮ್ಮನೆ ಕೂರುವವನಲ್ಲ. ಹಂಸಾ ಉದ್ದಿನಬೇಳೆ ನೆನೆಸಿದ ಮರುದಿನ ಬೆಳಿಗ್ಗೆ, ಗುರುತು ಸಿಗದಿರಲೆಂದು ಕಿವಿಮುಚ್ಚುವ ಉಲ್ಲನ್ ಟೋಪಿ ಹಾಕಿಕೊಂಡು ಹಿರಿಯರು ನಡೆದಾಡುವ ಪಾರ್ಕಿಗೆ ಹೊರಟ. ಅಲ್ಲಿ ಕಂಡ ದೃಶ್ಯಕ್ಕೆ ಅವನ ಕಣ್ಣು ಕತ್ತಲಿಟ್ಟಿತು. ಬದ್ಧವೈರಿಗಳಿಬ್ಬರೂ ಒಂದೇ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಇಬ್ಬರ ಕೈಯಲ್ಲೂ ಫೋನ್. ಚಿದಂಬರ ದಾಸವಾಳದ ಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕೂತ.

"ನಿಮ್ಮನ್ನ ಏನಂತ ಬೈಲಿ ಇವತ್ತು?" ಎಂದು ಸಿದ್ದಬಸಪ್ಪನವರು ಕನ್ನಡಕ ಏರಿಸಿ ಕೇಳಿದರು. "ಲಜ್ಜೆಗೆಟ್ಟವರು ಅಂತ ಹಾಕ್ಲಾ?"

"ಅದು ಸೋಮವಾರ ಆಗೋಯ್ತಲ್ಲ ಬುದ್ಧಿ" ಎಂದರು ದೊಡ್ಡಬೈರಪ್ಪನವರು. "ಸೋಗಲಾಡಿ ಅಂತ ಹಾಕಿ. ಅಪ್ಪನ ಹೆಸರು ತರಬೇಡಿ, ನಮ್ಮ ಸೊಸೆ ಓದ್ತಾಳೆ. ನಿಮಗೆ ನಾನು ಏನ್ ಹಾಕ್ಲಿ?"

"ಮುದಿ ಗೂಬೆ ಅನ್ನಿ. ಬೇಗ ಅನ್ನಿ, ವಡೆ ಆರೋಗುತ್ತೆ."

ಪೊದೆಯೊಳಗಿಂದ ಚಿದಂಬರ ಎದ್ದು ನಿಂತ. ಮೊಣಕಾಲು ಹಿಡಿದುಕೊಂಡಿದ್ದರಿಂದ ಒಂದೇ ಸಲಕ್ಕೆ ನಿಲ್ಲಲಾಗದೆ ದಾಸವಾಳದ ಗಿಡವನ್ನೂ ಜೊತೆಗೆ ಎಳೆದುಕೊಂಡು ಎದ್ದ. ಅದೇ ಹೊತ್ತಿಗೆ ನಡಿಗೆಯ ಸುತ್ತು ಮುಗಿಸಿಕೊಂಡು ಗಿರಿಜಾಂಬಾ ಅಲ್ಲಿಗೆ ಬಂದರು.

"ಏನ್ ಚಿದಂಬರ್, ಪೊದೆಯೊಳಗೆ ಏನ್ ಮಾಡ್ತಿದೀರಾ?"

"ಮೋಸ ಮೇಡಂ, ಮೋಸ. ಇವರಿಬ್ರೂ ತಿಂಡಿಗೋಸ್ಕರ ಸುಳ್ಳುಜಗಳ ಆಡ್ತಿದಾರೆ. ನನ್ನ ಶಾಂತಿ ಕೆಡಿಸ್ತಿದಾರೆ."

ಹಿರಿಯರಿಗೆ ನಾಚಿಕೆಯಾಗುತ್ತದೆ ಎಂದು ಅವನು ಎಣಿಸಿದ್ದ. ಅವರಿಗೆ ಒಂದಿಷ್ಟೂ ಆಗಲಿಲ್ಲ. "ನೋಡಪ್ಪ ಚಿದಂಬರ" ಎಂದರು ದೊಡ್ಡಬೈರಪ್ಪನವರು, "ನಮ್ಮ ಸೊಸೆ ಪ್ರತಿಭಾ ನಂಗೆ ದಿನಾ ಓಟ್ಸ್ ಗಂಜಿ ಹುಯ್ತಾಳೆ. ಇವರ ಮನೇಲೂ ಅದೇ ಕತೆ. ಮೊದ್ಲು ನಿಜವಾಗ್ಲೇ ಜಗಳ ಆಡ್ತಿದ್ವಿ, ಒಪ್ಕೋತೀನಿ. ನಿಮ್ಮನೇಲಿ ಒಟ್ಟಿಗೆ ಕೂತು ತಿಂದ ಮೇಲೆ ಸಿಟ್ಟೇ ಬರಲ್ಲ. ಏನ್ ಮಾಡದು? ಕಷ್ಟಪಟ್ಟು ಬೈಕೋತಿದೀವಿ."

"ಅದಿರಲಿ, ಯಾವತ್ತು ವಡೆ ಅಂತ ನಿಮಗೆ ಹೇಳೋರು ಯಾರು? ಆ ಗೂಢಚಾರರ ಹೆಸರು ಬೇಕು ನಂಗೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿದ್ದಬಸಪ್ಪನವರು ಮೆಲ್ಲಗೆ, "ಹಂಸಮ್ಮನೇ ಫೋನ್ ಮಾಡ್ತಾರಪ್ಪ" ಎಂದರು. "‘ನಾಳೆ ವಡೆ ಮಾಡ್ತೀನಿ, ಸ್ವಲ್ಪ ಬೇಗ ಶುರು ಹಚ್ಕೊಳಿ ಅಣ್ಣಾರೆ’ ಅಂತಾರೆ. ನಮಗೆ ಬೇಜಾರಿದ್ದ ದಿನಾನೂ ಅವರ ಮಾತು ತೆಗೆದುಹಾಕೋಕೆ ಆಗಲ್ಲ."

ಗಿರಿಜಾಂಬಾ ಸೊಂಟ ಹಿಡಿದುಕೊಂಡು ನಕ್ಕರು. "ಸರಿ ಬಿಡಿ, ರಸ್ತೇಲಿ ನಿಜವಾದ ಜಗಳ ಒಂದೂ ಉಳಿದಿಲ್ಲ ಅಂತಾಯ್ತು. ಪೇಟ ನಿಮಗೇ. ಭಾಷಣ ಬರ್ಕೊಂಡು ಬನ್ನಿ" ಎಂದರು. ಹಂಬಲಿಸಿದ ಪೇಟ ಕೈಗೆ ಬಂದ ಗಳಿಗೆಯಲ್ಲಿ ಚಿದಂಬರನ ಕಿವಿಗೆ ಆ ಮಾತೇ ಬೀಳಲಿಲ್ಲ. ಅವನು ಆಗಲೇ ಮನೆಯ ಕಡೆ ದಾಪುಗಾಲು ಹಾಕುತ್ತಿದ್ದ. ಬೆನ್ನ ಹಿಂದೆ ಇಬ್ಬರು ಹಿರಿಯರೂ, ಈ ದಿನದ ವಡೆಯ ಗತಿಯೇನು ಎಂಬ ಚಿಂತೆಯಲ್ಲಿ, ಒಂದಿಷ್ಟು ದೂರ ಅವನನ್ನು ಹಿಂಬಾಲಿಸಿದರು.

ಹಂಸಾ ಒಲೆಯ ಮುಂದೆ ಎರಡನೇ ಬಾಣಲೆ ವಡೆ ತೆಗೆಯುತ್ತಿದ್ದಳು.

"ನೀನೇ ಏನೇ ಅದು?"

"ಹೌದು, ನಾನೇ" ಎಂದಳು ಅವಳು, ತಿರುಗಿ ನೋಡದೆ.

"ನನ್ನ ಪೇಟ ತಪ್ಪಿಸೋಕಾ? ಯಾರು ಹೇಳ್ಕೊಟ್ರು ನಿಂಗೆ? ನಿಮ್ಮಕ್ಕನಾ?"

"ನಿಮ್ಮ ಪೇಟ ಯಾರಿಗ್ರೀ ಬೇಕು." ಅವಳು ಒಲೆ ಆರಿಸಿ ಇತ್ತ ತಿರುಗಿದಳು. "ಅವರು ಬಂದಾಗ ನೀವು ಏನಂತೀರಿ ನಂಗೆ? ‘ಬಾ ಹಂಸಾ, ಸಾಕಾಗಿರುತ್ತೆ, ಕೂತ್ಕೊ’ ಅಂತೀರಿ. ನನ್ನ ಹೆಸರು ಹಿಡಿದು ಕರೀತೀರಿ. ಅವರು ಹೋದ ಮೇಲೆ ನಾನು ಲೇ ಆಗ್ತೀನಿ. ಆ ಒಂದು ಗಂಟೆ ಚೆನ್ನಾಗಿರುತ್ತೆ ರೀ. ಅದಕ್ಕೆ ಎಷ್ಟು ಉದ್ದು ರುಬ್ಬಿದ್ರೂ ನಂಗೆ ಭಾರ ಅನ್ಸಲ್ಲ."

ಚಿದಂಬರ ಉಲ್ಲನ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಅಡ್ಮಿನ್ ಬಳಿ ಎಲ್ಲ ಜಗಳಕ್ಕೂ ಒಂದು ನಿಯಮವಿತ್ತು, ಇದಕ್ಕೆ ಮಾತ್ರ ಇರಲಿಲ್ಲ. ಅವನಿಗೆ ನಿಜವಾಗಿ ನಾಚಿಕೆಯಾಯಿತು. ಇಷ್ಟು ವರ್ಷ ಅವಳ ಹೆಸರು ಕರೆಯಲು ಯಾರಾದರೂ ಸೋಫಾದ ಮೇಲೆ ಕೂತಿರಬೇಕಿತ್ತು ಎಂಬುದು ಅವನಿಗೇ ತಿಳಿದಿರಲಿಲ್ಲ.

ರಾಜ್ಯೋತ್ಸವದ ಸಂಜೆ ಸನ್ಮಾನವೇನೋ ನಡೆಯಿತು. ಪೇಟವನ್ನು ಸಂಘದವರು ಅವನ ಅಂಗಡಿಯಿಂದಲೇ ತಂದಿದ್ದರು, ಅದೂ ಒಂದು ಸೈಜು ಚಿಕ್ಕದು. ‘ಮಾತಿನ ಮರ್ಯಾದೆ’ಯ ಭಾಷಣಕ್ಕೆ ಎದ್ದಾಗ ಮೊದಲ ಸಾಲಿನಲ್ಲಿ ಹಂಸಾ ಕಂಡಳು. ದೊಡ್ಡ ದೊಡ್ಡ ಮಾತು ಬರೆದುಕೊಂಡು ಹೋಗಿದ್ದ ಹಾಳೆಯನ್ನು ಮಡಚಿ ಜೇಬಿಗಿಟ್ಟ. "ಎಲ್ಲರೂ ಚೆನ್ನಾಗಿ ಮಾತಾಡೋಣ" ಎಂದಷ್ಟೇ ಹೇಳಿ ಕೂತುಬಿಟ್ಟ. ಇಷ್ಟು ಚಿಕ್ಕ ಭಾಷಣ ತಾವು ಕೇಳಿಯೇ ಇಲ್ಲವೆಂದು ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು.

ಇನ್ನು ಮೇಲೆ ಮನೆಯಲ್ಲೂ ಮಾತು ತಿದ್ದಿಕೊಳ್ಳಬೇಕು ಎಂದು ಅವನು ಗಟ್ಟಿ ಮನಸ್ಸು ಮಾಡಿದ. ಮರುದಿನ ಬೆಳಿಗ್ಗೆ ನಡುಮನೆಯಲ್ಲಿ ಒಬ್ಬನೇ ಕೂತು, ಅಡುಗೆಮನೆಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಆದಷ್ಟು ಮೃದುವಾಗಿ ಕರೆದ. "ಹಂಸಾ, ಕೆಲಸ ಇದ್ರೆ ಇರಲಿ, ನಿಧಾನವಾಗಿ ಬಾ. ಒಟ್ಟಿಗೆ ಕೂತು ಕಾಫಿ ಕುಡಿಯೋಣ."

ಒಳಗೆ ಪಾತ್ರೆಯ ಸದ್ದು ತಟ್ಟನೆ ನಿಂತಿತು. ಹಂಸಾ ಅವಸರದಲ್ಲಿ ಸೆರಗು ಸರಿಮಾಡಿಕೊಂಡು, ತಟ್ಟೆಯಲ್ಲಿ ನಾಲ್ಕು ಲೋಟ ಕಾಫಿ ಇಟ್ಟುಕೊಂಡು ನಗುನಗುತ್ತಾ ಬಂದಳು. ಖಾಲಿ ಸೋಫಾ ನೋಡಿದಳು, ಬಾಗಿಲ ಕಡೆ ನೋಡಿದಳು, ಗಂಡನ ಮುಖವನ್ನು ಅನುಮಾನದಿಂದ ನೋಡಿದಳು.

"ಯಾರ್ರೀ ಬಂದಿರೋದು? ಹೊರಗೇ ನಿಲ್ಸಿದೀರಲ್ಲ."