ಮಾಲತೇಶನ ಹತ್ತು ಬೆರಳು

ಗಾರ್ಡು ಬಿಚ್ಚಿದ್ದು ಒಂದು ಗಳಿಗೆಯ ಕೆಲಸಕ್ಕೆ. ಬಾಗಿಲ ಚೌಕಟ್ಟಿಗೆ ಕಚ್ಚು ಹಾಕಬೇಕಿತ್ತು. ಆಗ ಗರಗಸದ ಮಷೀನಿನ ಮೇಲೆ ಬ್ಲೇಡು ಮುಚ್ಚುವ ಗಾರ್ಡೂ ಇರುವಂತಿಲ್ಲ, ಬ್ಲೇಡಿನ ಹಿಂದೆ ನಿಂತು ಕೊಯ್ದ ಸೀಳು ಮತ್ತೆ ಕೂಡದಂತೆ ಕಾಯುವ ಸ್ಪ್ಲಿಟರೂ ಇರುವಂತಿಲ್ಲ. ಬ್ಯಾಡಗಿಯ ಬಡಿಗ ಮಾಲತೇಶ ಎರಡನ್ನೂ ಬಿಚ್ಚಿ ಕಿಟಕಿಯಲ್ಲಿಟ್ಟ. ಕಚ್ಚು ಮುಗಿಯಿತು. ಅವು ಮಾತ್ರ ವಾರವಾದರೂ ಕಿಟಕಿ ಬಿಟ್ಟು ಇಳಿಯಲಿಲ್ಲ.

ಅದೇ ವಾರದಲ್ಲಿ ಕರ್ಜಗಿಯ ಗಿರಿಯಪ್ಪ ಮಗಳು ಗಂಗಾಳಿಗೆ ವರ ನೋಡಲು ಬಂದವನು, ಮನೆ ನೋಡದೆ ಮಷೀನಿನ ಸುತ್ತ ಒಂದು ಸುತ್ತು ಹಾಕಿ, "ಸೋಮವಾರ ಹೇಳ್ತೇನಿ" ಎಂದು ಹೋಗಿದ್ದ. ಇವತ್ತು ಆ ಸೋಮವಾರ. ಗಂಗಾಳನ್ನು ನೋಡಿಬಂದ ದಿನದಿಂದ ಮಾಲತೇಶನಿಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ.

ಫೋನು ಬರುವುದರೊಳಗೆ ಒಂದು ಹಲಗೆ ಸೀಳೋಣವೆಂದು ಹಸಿ ಬೇವನ್ನು ಬ್ಲೇಡಿಗೆ ಕೊಟ್ಟ. ಅರ್ಧ ಸೀಳುವಷ್ಟರಲ್ಲಿ ಸೀಳು ಮೊಸಳೆಯ ಬಾಯಂತೆ ಮುಚ್ಚಿಕೊಂಡಿತು. ಬ್ಲೇಡು ನರಳಿತು. ಮರುಕ್ಷಣ ಹಲಗೆ ಹಗ್ಗ ಹರಿದುಕೊಂಡ ಹೋರಿಯಂತೆ ಹಿಂದಕ್ಕೆ ಚಿಮ್ಮಿ, ಅವನ ಪಕ್ಕೆ ಸವರಿ, ಬೆನ್ನ ಹಿಂದಿನ ಮೋಟು ಗೋಡೆಯ ಮೇಲೆ ನೆರೆಮನೆಯ ಮರಿಯವ್ವ ಇಟ್ಟಿದ್ದ ರಂಜಕದ ಪಾತೇಲಿಗೆ ಬಡಿಯಿತು. ಅಷ್ಟೂ ಕೆಂಪು ಮೆಣಸಿನಕಾಯಿ ಚಟ್ನಿ ಮಾಲತೇಶನ ಕೈಮೇಲೆ ಬಿತ್ತು.

ಸಪ್ಪಳಕ್ಕೆ ಓಡಿಬಂದ ಮರಿಯವ್ವ ಮೊಣಕೈವರೆಗೆ ಕೆಂಪಾದ ಕೈ ನೋಡಿ ಗೋಡೆ ಹಿಡಿದು ನಿಂತಳು. "ಯವ್ವಾ, ಕೈ ಹೋತಲ್ಲೋ ಮಾಲತ್ಯಾ."

"ಹೋಗಿಲ್ಲ ಬೇ. ಇದು ನಿನ್ನ ಚಟ್ನಿ."

"ಕೇಳಿದೇನಬೇ?" ಅಂದ ಪಕ್ಕದ ಗ್ಯಾರೇಜಿನ ಫಿರೋಜ್. "ರಕ್ತಕ್ಕ ಚಟ್ನಿ ಅನ್ನಾಕತ್ತಾನ. ತಲಿಗೆ ಏರೇತಿ." ಅಂದವನೇ ಟವೆಲ್ಲಿನಿಂದ ಕೈಯನ್ನು ಕೂಸಿನಂತೆ ಸುತ್ತಿಬಿಟ್ಟ.

"ಖರೇನ ಚಟ್ನಿ ಲೇ. ಮೂಸಿ ನೋಡು."

"ನಾ ಗಾಯ ಮೂಸಂಗಿಲ್ಲಪಾ."

ಅಷ್ಟರಲ್ಲಿ ಎದುರಿನ ಐಸ್‌ಕ್ಯಾಂಡಿ ಅಂಗಡಿಯ ಚನ್ನೇಶ ಬಂದ. "ಬಟ್ಟ ಸಿಕ್ರ ಡಾಕ್ಟರು ಹೊಲದು ಹಚ್ಚತಾರ. ನೀವು ನಡೀರಿ, ನಾ ಹುಡುಕ್ಕೊಂಡು ಬರ್ತೇನಿ," ಎಂದು ಮರದ ಪುಡಿಯಲ್ಲಿ ಮೊಣಕಾಲೂರಿ, ತುಂಡಾದ ಬೆರಳಿಗಾಗಿ ಕೋಳಿಯಂತೆ ಕೆದರತೊಡಗಿದ.

ಫಿರೋಜನ ಬೈಕು ಮಾಲತೇಶನನ್ನು ನಡುವೆ ಕೂಡಿಸಿಕೊಂಡು ಹಾವೇರಿ ಕಡೆ ಹೊರಟಿತು. ಹಿಂದೆ ಕುಂತ ಮರಿಯವ್ವ ಅವನ ಕೈಯನ್ನು ಗೆದ್ದ ಪಕ್ಷದ ಬಾವುಟದಂತೆ ಎತ್ತಿ ಹಿಡಿದಿದ್ದಳು.

"ಗಿರಿಯಪ್ಪಗೂ ಫೋನ್ ಹಚ್ಚಿ ಹೇಳೇನಿ," ಅಂದ ಫಿರೋಜ್. "ಬೀಗರಾಗೋರ ಮುಂದ ಮುಚ್ಚಿಡಬಾರದು."

ಮಾಲತೇಶ ಮುಂದಕ್ಕೆ ಬಾಗಿದ. "ಏನಂತ ಹೇಳಿದಿ?"

"ಎರಡು ಬಟ್ಟ ಹೋಗ್ಯಾವ ಅಂತ. ಮೂರು ಅನ್ನಾವಿದ್ದೆ. ನಿನ್ನ ಮದವಿ ವಿಷಯ ಅಂತ ಒಂದು ಕಡಿಮಿ ಮಾಡೇನಿ."

ಆಸ್ಪತ್ರೆಯಲ್ಲಿ ಟವೆಲು ಬಿಚ್ಚಿದ ಡಾಕ್ಟರು ಮೂಗು ಅರಳಿಸಿ, "ಬಳ್ಳೊಳ್ಳಿ ಭಾಳ ಹಾಕೀರಿ," ಎಂದು ನಳದ ಕೆಳಗೆ ಕೈ ಹಿಡಿದರು. ಕೆಂಪು ಹರಿದು ಹೋಯಿತು. ಹತ್ತೂ ಬೆರಳು ಇದ್ದಲ್ಲೇ ಇದ್ದವು. ಮರಿಯವ್ವ, ಫಿರೋಜ್ ಇಬ್ಬರೂ ದೆವ್ವ ಕಂಡವರಂತೆ ಅವನ್ನು ನೋಡಿದರು. ಮಾಲತೇಶನೂ ನೋಡಿದ.

ಆಗ ಚನ್ನೇಶ ಏದುಸಿರು ಬಿಡುತ್ತ ಒಳಗೆ ಬಂದು, ಐಸ್ ತುಂಬಿದ ಊಟದ ಡಬ್ಬಿ ತೆರೆದ. "ಒಂದು ಸಿಕ್ಕೈತ್ರಿ."

ಡಾಕ್ಟರು ಅದನ್ನು ಎತ್ತಿ ಮೇಜಿಗೆ ಕುಟ್ಟಿದರು. ಟಕ್ ಎಂದಿತು. "ಕಟ್ಟಿಗಿ ಹೊಲ್ಯಾಕ ನನಗ ಬರಂಗಿಲ್ಲ."

ಅದು ಹಲಗೆ ನೂಕಲು ಮಾಲತೇಶ ಹಿಡಿದಿದ್ದ ಕೋಲಿನ ತುದಿ. ಬ್ಲೇಡು ಅದನ್ನು ಕಬ್ಬಿನಂತೆ ಕತ್ತರಿಸಿತ್ತು. ಕೋಲು ಇಲ್ಲದಿದ್ದರೆ ಈ ಡಬ್ಬಿಯಲ್ಲಿ ಏನಿರುತ್ತಿತ್ತೆಂದು ಹೊಳೆದು ಅವನು ಎರಡೂ ಕೈಯನ್ನು ಕಂಕುಳಲ್ಲಿ ಅಡಗಿಸಿಕೊಂಡ.

"ಹಂಗಾರ ನನ್ನ ರಂಜಕಾ ಪೂರಾ ಹೋತು," ಅಂದಳು ಮರಿಯವ್ವ. ಈಗ ಅವಳ ಕಣ್ಣಲ್ಲಿ ನೀರು ಬಂತು.

ಬಾಗಿಲಲ್ಲಿ ಗಿರಿಯಪ್ಪ ಕಾಣಿಸಿಕೊಂಡ. ಕೈಚೀಲದಲ್ಲಿ ತೆಂಗಿನಕಾಯಿ, ಎಲೆಯಡಿಕೆ, ಸಕ್ಕರೆ. ಮುಖ ಹಬ್ಬದ ಹಾಗೆ ಬೆಳಗುತ್ತಿತ್ತು. ಮಾಲತೇಶ ಒದ್ದೆ ಕೈ ಚಾಚಿ ಓಡಿದ.

"ಎಣಿಸ್ರಿ ಮಾವಾರ. ಎಲ್ಲಾ ಅದಾವ."

ಗಿರಿಯಪ್ಪ ಎಣಿಸಿದ. ಅವನ ಮುಖ ಇಳಿಯಿತು. ಮತ್ತೊಮ್ಮೆ ಎಣಿಸಿದ. "ಒಂದೂ ಹೋಗಿಲ್ಲ?"

"ಒಂದೂ ಇಲ್ರಿ."

ಗಿರಿಯಪ್ಪ ಬೆಂಚಿನ ಮೇಲೆ ಕುಸಿದು ಕುಂತ. "ನನ್ನ ದೊಡ್ಡ ಅಳಿಯಾನೂ ಬಡಿಗ್ಯಾ. ಗಾರ್ಡ ಹಾಕು, ಸ್ಪ್ಲಿಟರ್ ಹಾಕು ಅಂತ ಬಡಕೊಂಡೆ. ಎರಡು ಬಟ್ಟ ಹೋಗೂತನಕಾ ಹಾಕಲಿಲ್ಲ. ಹೋದ ಮ್ಯಾಲೆ ಒಂದು ದಿನಾನೂ ಬಿಚ್ಚಿಲ್ಲ. ಗಾರ್ಡ ಇಲ್ಲದ ನಿನ್ನ ಮಷೀನ್ ನೋಡಿ ಇವತ್ತ ಒಲ್ಲೆ ಅನ್ನಾವಿದ್ದೆ. ಅಷ್ಟರಾಗ ಈ ಫೋನ್ ಬಂತು. ಚಲೋ ಆತು, ಹುಡುಗಗ ಬುದ್ಧಿ ಬಂತು, ಉಳಿದ ಎಂಟು ಇನ್ನ ಎಲ್ಲಿಗೂ ಹೋಗಂಗಿಲ್ಲ ಅಂತ ಕಾಯಿ ತಗೊಂಡು ಓಡಿ ಬಂದೆ."

"ನನಗೂ ಬುದ್ಧಿ ಬಂದೇತ್ರಿ. ಇವತ್ತ ಹೋಗಿ ಹಾಕ್ತೇನಿ."

ಗಿರಿಯಪ್ಪ ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿ, ಮರುಕದಿಂದ ಕೈ ಬಿಟ್ಟ.

"ಹತ್ತು ಇದ್ದಾವರೆಲ್ಲಾ ಹಂಗಾ ಅಂತಾರ, ತಮ್ಮಾ," ಎಂದು ಕೈಚೀಲ ಎತ್ತಿಕೊಂಡು ಕರ್ಜಗಿ ಬಸ್ಸಿಗೆ ನಡೆದ.