ಡಬ್ಬಿ ಹೇಳಿದ ಬಿಸಿ, ಕೈ ಹೇಳಿದ ತಂಪು

ಯಾರನ್ನೂ ಸುಲಭವಾಗಿ ನಂಬುವ ಜಾಯಮಾನ ನನ್ನದಲ್ಲ. ವಿಜಯನಗರದ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿಯನ್ನು ತಟ್ಟಿ, ಅಲ್ಲಾಡಿಸಿ, ಅಂಗಡಿಯವನ ಮುಖವನ್ನೂ ನೋಡಿ ಕೊಳ್ಳುವವನು ನಾನು. ರೈಲು ಬೋಗಿಗಳ ಗಾಲಿ ಪರೀಕ್ಷಿಸುವ ನನ್ನ ಕೆಲಸಕ್ಕೆ ಇದು ಒಳ್ಳೆಯ ಗುಣವೆಂದೇ ತಿಳಿದಿದ್ದೆ. ರೈಲು ನಿಂತ ಕೂಡಲೇ ಬಗ್ಗಿ, ಪ್ರತಿ ಗಾಲಿಯ ಬೇರಿಂಗ್ ಪೆಟ್ಟಿಗೆಗೂ ಹಿಂಗೈ ಮುಟ್ಟಿಸುತ್ತ ಹೋಗುವುದು ನಮ್ಮ ಪದ್ಧತಿ. ಕಾದಿದ್ದರೆ ಒಳಗೆ ಬೇರಿಂಗ್ ಕೆಟ್ಟಿದೆ ಎಂದರ್ಥ. ಹಾಗೇ ಬಿಟ್ಟರೆ ಓಡುವಾಗ ಅಚ್ಚೇ ಮುರಿಯಬಹುದು. ಇಪ್ಪತ್ತು ವರ್ಷ ಈ ಕೈ ಹೇಳಿದ್ದೇ ತೀರ್ಪಾಗಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ, ನಮ್ಮ ಕೆಂಗೇರಿ ಸ್ಟೇಷನ್ನಿಗೆ ಸ್ವಲ್ಪ ಮೊದಲು ಹಳಿಯ ಎರಡೂ ಪಕ್ಕ ಒಂದೊಂದು ಡಬ್ಬಿ ನೆಟ್ಟರು. ರೈಲು ಓಡುತ್ತಿರುವಾಗಲೇ ಅವು ಪ್ರತಿ ಪೆಟ್ಟಿಗೆಯ ಶಾಖವನ್ನು ದೂರದಿಂದ ಅಳೆದು, ಒಂದೇ ಅಚ್ಚಿನ ಎರಡು ತುದಿಗಳನ್ನು ಹೋಲಿಸಿ, ಒಂದು ಮಾತ್ರ ಹೆಚ್ಚು ಕಾದಿದ್ದರೆ ಸ್ಟೇಷನ್ನಿಗೆ ಚೀಟಿ ಕಳಿಸುತ್ತವಂತೆ. ನಾಡಿ ಹಿಡಿಯದೆ ಮಾತ್ರೆ ಬರೆಯುವ ಡಾಕ್ಟರನ್ನೇ ನಾನು ನಂಬುವುದಿಲ್ಲ, ಇನ್ನು ಇದನ್ನು ನಂಬುತ್ತೇನೆಯೇ? ನನ್ನನ್ನು ಮನೆಗೆ ಕಳಿಸಲು ಯಾರೋ ಹೂಡಿದ ಆಟವೆಂದು ಒಳಗೊಳಗೇ ಕುದಿಯುತ್ತಿದ್ದೆ.

ಒಂದು ಚಳಿಯ ಬೆಳಿಗ್ಗೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ಬಂದು ನಿಂತಿತು. ಚೀಟಿಯೂ ಬಂತು: ಐದನೇ ಬೋಗಿ, ಎಡಗಡೆ, ಮೂರನೇ ಗಾಲಿ. ಬಿಸಿ ಚಹಾದ ಲೋಟವನ್ನು ಬಲ ಹಿಂಗೈಗೆ ಒತ್ತಿಕೊಂಡು ನಿಂತಿದ್ದ ನಾನು ಹೋಗಿ ಮುಟ್ಟಿದೆ.

"ತಣ್ಣಗಿದೆ, ಬಿಡಿ."

ನಮ್ಮ ಫಿಟ್ಟರ್ ಶಾಂತಪ್ಪ ಹಾವೇರಿ ಕಡೆಯವರು. ಅವರೂ ಮುಟ್ಟಿ ನೋಡಿ, "ಬಿಸಿ ಐತ್ರಿ ಸಾಹೇಬ್ರ. ನೀವು ಚಾ ಲೋಟ ಒತ್ತಿಕೊಂಡ ಕೈಲೆ ಮುಟ್ಟೀರಿ, ಅದಕ್ಕ ಗೊತ್ತಾಗವಲ್ದು" ಎಂದರು.

"ಇಪ್ಪತ್ತು ವರ್ಷದ ಕೈ ಇದು ಶಾಂತಪ್ಪ" ಎಂದು ಗತ್ತಿನಿಂದ, ರೈಲು ಬಿಡಬಹುದೆಂದು ಸಹಿ ಹಾಕಲು ಪೆನ್ನು ತೆಗೆದೆ. ತಲೆಯೆತ್ತಿದರೆ ಅದೇ ಬೋಗಿಯ ಕಿಟಕಿಯಲ್ಲಿ ನನ್ನ ಹೆಂಡತಿ ಸರೋಜ. ಮದ್ದೂರಿನ ಅಕ್ಕನ ಮನೆಗೆ ಹೊರಟಿದ್ದಳು. ಸಹಿ ಹಾಕದೆ ಕಿಟಕಿಯ ಹತ್ತಿರ ಹೋಗಿ ಮೆಲ್ಲಗೆ, "ಇಂಜಿನ್ ಪಕ್ಕದ ಬೋಗಿಗೆ ಹೋಗಿ ಕೂತ್ಕೊಳ್ಳೇ" ಎಂದೆ.

"ಯಾಕ್ರೀ?"

"ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ."

"ಈ ಚಳೀಲಿ?" ಅವಳು ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಚೀಟಿ ನೋಡಿದಳು. ಮೆಲ್ಲಗೆ ಮಾತಾಡುವುದು ಅವಳಿಗೆ ಬಾರದು. "ಈ ಬೋಗೀಲಿ ಏನೋ ತೊಂದ್ರೆ ಇದೆ ಅಲ್ವಾ? ನಾನೊಬ್ಳೇ ಇಳಿದ್ರೆ ಸಾಕಾ, ಇವರೆಲ್ಲ ಇಲ್ಲೇ ಕೂತಿರ್ಲಾ?"

ಎಲ್ಲ ಕಿಟಕಿಗಳಲ್ಲೂ ತಲೆಗಳು ಕಾಣಿಸಿಕೊಂಡವು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಪೆನ್ನು ಜೇಬಿಗಿಟ್ಟು, ಲೋಟ ಒತ್ತಿಕೊಳ್ಳದ ಎಡ ಹಿಂಗೈಯಿಂದ ಆ ಪೆಟ್ಟಿಗೆಯನ್ನು ಮುಟ್ಟಿದೆ. ಶಾಂತಪ್ಪ ಹೇಳಿದಂತೆ ಬಿಸಿ ಇತ್ತು. ಬೋಗಿ ಕಳಚಿಸಿದೆವು.

ಡಬ್ಬಿಯ ಮೇಲಿನ ಅನುಮಾನ ನನಗೆ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ನನ್ನ ಕೈಯನ್ನು ನಾನೇ ನಂಬಿರಲಿಲ್ಲ ಎಂಬುದು ಮೊದಲು ತಿಳಿದದ್ದು ನನಗಲ್ಲ, ಸರೋಜಳಿಗೆ.