ನೀರಿಲ್ಲದಾಗ ಓಡುವ ಮೋಟಾರು

ಅಂಗಡಿ ಇಟ್ಟವನಿಗೆ ಬೈಗುಳ ಹೊಸದಲ್ಲ. ಆದರೆ ಸಾಮಾನು ಸರಿಯಾಗಿ ಕೆಲಸ ಮಾಡಿದ್ದಕ್ಕೇ ಬೈಸಿಕೊಳ್ಳುವ ಯೋಗ, ಉಮರ್ಗಾದಲ್ಲಿ ಮೋಟಾರು ಸಾಮಾನು ಮಾರುವ ನನಗೆ ಆ ಬರಗಾಲದ ವರ್ಷಗಳಲ್ಲಿ ಪದೇ ಪದೇ ಬಂತು.

೧. ಸಪ್ಪಳ ಬೇಕು

ಬಾವಿಯ ನೀರು ತಳ ಕಂಡ ಕೂಡಲೇ ಮೋಟಾರನ್ನು ತಾನೇ ನಿಲ್ಲಿಸುವ ಡಬ್ಬಿಯೊಂದನ್ನು ಮಾರುತ್ತಿದ್ದೆ. ಮೋಟಾರು ಸುಡಬಾರದಲ್ಲ! ದಾಳಿಂಬ ಎಂಬ ಊರಿನ ರೈತನೊಬ್ಬ ಒಯ್ದವನು ವಾಪಸ್ ತಂದು ಕುಕ್ಕಿದ.

"ಸಾವ್ಕಾರ್ರ, ನಿಮ್ಮ ಡಬ್ಬಿ ಮೋಟಾರ ಓಡಸ್ಲಿಕ್ಕ ಬಿಡವಲ್ದು."

"ಬಾವ್ಯಾಗ ನೀರದೇನು?"

"ಎಲ್ಲೀ ನೀರು!"

"ಮತ್ತ?"

"ಮಗನಿಗಿ ಹೆಣ್ಣು ಕೊಡೋರು ಉದಗೀರದಿಂದ ಬರ್ಲಿಕತ್ತಾರ. ಮೋಟಾರ ಸಪ್ಪಳ ಕೇಳಿದ್ರ ಮನ್ಯಾಗ ನೀರದ ಅಂತ ನಂಬ್ತಾರ. ಇದು ನೋಡಿದ್ರ ಖರೇ ಹೇಳ್ಕೋತ ಕೂಡ್ತದ!"

"ಡಬ್ಬಿ ಬಿಚ್ಚಿಟ್ಟು ನೇರ ಓಡಸಣ್ಣಾ."

"ರೊಕ್ಕ ಕೊಟ್ಟು ತಂದದ್ದು ಖಾಲಿ ಕೂಡಬೇಕೇನ್ರೀ? ಅದ್ರ ಕೈಲೇ ಸುಳ್ಳು ಹೇಳಸ್ರಿ!"

೨. ನಡುವಿನ ದಲಾಲಿ

ನಾನು ಒಲ್ಲೆ ಎಂದದ್ದಕ್ಕೆ ಅವನು ನಿಲಂಗಾದ ಒಬ್ಬ ಮೆಕ್ಯಾನಿಕನನ್ನು ಹಿಡಿದ.

ಆ ಡಬ್ಬಿಯೊಳಗೆ ಎರಡು ಐಸಿ, ಅಂದರೆ ಚಿಪ್ಪು. ನೀರಿನ ಸುದ್ದಿ ತಿಳಿಯುವುದು ಒಂದು, ಅದರ ಮಾತು ಐದು ವೋಲ್ಟಿನದು. ಮೋಟಾರು ನಡೆಸುವುದು ಇನ್ನೊಂದು, ಅದು ಹನ್ನೆರಡರದು. ನಡುವೆ ಮೂರು ಕಾಲಿನ ಟ್ರಾನ್ಸಿಸ್ಟರ್, ನಮ್ಮ ಅಡತಿ ಅಂಗಡಿಯ ದಲಾಲಿಯ ಹಾಗೆ. ಈ ದಲಾಲಿ ಹೌದು ಅಂದದ್ದನ್ನು ಇಲ್ಲ ಅಂತ ತಿರುಗಿಸಿ ಮುಟ್ಟಿಸುತ್ತಾನೆ. ಅದು ಗೊತ್ತಿದ್ದೇ ಮುಂದಿನ ಐಸಿಯನ್ನು ಇಲ್ಲ ಅಂತ ಬಂದರೆ ಓಡಿಸುವ ಹಾಗೆ ಜೋಡಿಸಿರುತ್ತಾರೆ.

ಮೆಕ್ಯಾನಿಕ್ ಮಹಾಶಯ ಮೊದಲು ಟ್ರಾನ್ಸಿಸ್ಟರನ್ನೇ ಕಿತ್ತು, ಎರಡೂ ಐಸಿಗೆ ನೇರ ವೈರು ಹಾಕಿದ. ಹನ್ನೆರಡು ವೋಲ್ಟು ಐದರದಕ್ಕೆ ನುಗ್ಗಿ ಹೊಗೆ ಬಂತು. ಸುಟ್ಟ ಐಸಿ ಹಿಡಿದು ನನ್ನಲ್ಲಿಗೇ ಬಂದು, "ಮಾಲು ಖರಾಬ್ ಅದ ಸೇಠ್," ಅಂದ.

ಮೈಯೆಲ್ಲ ಉರಿಯಿತು. "ಕಿತ್ತವ ನೀ, ಖರಾಬ್ ನನ್ನ ಮಾಲೇನು?"

"ನಡುವ ದಲಾಲಿ ಇಲ್ಲಂದ್ರ ಮಾತೇ ಆಡ್ಲಿಕ್ಕ ಬರದ ಐಸಿ ಯಾಕ ಮಾರ್ತೀರಿ? ನೀವು ವ್ಯಾಪಾರದವ್ರು ಎಲ್ಲಾ ಕಡಿ ದಲಾಲಿ ತುರುಕ್ತೀರಿ ನೋಡ್ರಿ!"

೩. ಬೀಗರು ಬಂದರು

ಹೊಸ ಐಸಿ ಒಯ್ದ ಮೆಕ್ಯಾನಿಕ್ ಈ ಸಲ ಒಂದರ ಹಿಂದೆ ಒಂದು, ಎರಡು ಟ್ರಾನ್ಸಿಸ್ಟರ್ ಕೂಡಿಸಿದ. ಒಬ್ಬ ದಲಾಲಿ ತಿರುಗಿಸಿದ್ದನ್ನು ಇನ್ನೊಬ್ಬ ಮತ್ತೆ ತಿರುಗಿಸಿದ. ಸುದ್ದಿ ಉಲ್ಟಾ ಮುಟ್ಟಿ, ಒಣ ಬಾವಿಯ ಮೇಲೆ ಮೋಟಾರು ಭರ್ರೆಂದು ಓಡಿತು.

ಬೀಗರು ಬಂದರು, ಚಹಾ ಕುಡಿದರು. ಹೆಣ್ಣಿನ ತಂದೆ ಸಪ್ಪಳಕ್ಕೆ ಕಿವಿಗೊಟ್ಟು, "ಛಲೋ ನೀರದ ಬಿಡ್ರಿ" ಅಂತ ತಲೆದೂಗಿದ.

ಆದರೆ ರೈತನ ಹೆಂಡತಿ ಗಂಡನಿಗೂ ಹೇಳದೆ ಒಂದು ಟ್ಯಾಂಕರು ಗೊತ್ತು ಮಾಡಿದ್ದಳು. ಬೀಗರು ಬಾವಿ ಬಗ್ಗಿ ನೋಡಿದರೆ ನೀರು ಕಾಣಬೇಕಲ್ಲ! ತಡವಾಗಿ ಬಂದ ಟ್ಯಾಂಕರು ಹಿಂದಿನ ದಾರಿಯಿಂದ ಸದ್ದಿಲ್ಲದೆ ಬಾವಿಗೆ ನೀರು ಬಿಟ್ಟಿತು. ನೀರು ಡಬ್ಬಿಯಿಂದ ಬಾವಿಗೆ ಇಳಿಬಿಟ್ಟ ವೈರಿಗೆ ತಾಗಿದ್ದೇ ತಡ, ಮೋಟಾರು ಬಂದ್!

ಎಲ್ಲರೂ ಬಾವಿಗೆ ಓಡಿದರು. ಕೆಳಗೆ ನೀರು, ಮೇಲೆ ಸತ್ತ ಮೋಟಾರು, ಪಕ್ಕದಲ್ಲಿ ಟ್ಯಾಂಕರು. "ಮಳಿ ಆಗ್ಲಿ, ಆಮ್ಯಾಲ ನೋಡೋಣು" ಎಂದು ಬೀಗರು ಉದಗೀರದ ಬಸ್ಸು ಹತ್ತಿದರು.

ಮರುದಿನ ರೈತ ಡಬ್ಬಿಯನ್ನು ನನ್ನ ಕೌಂಟರಿಗೇ ಎಸೆದ. "ನಿಮ್ಮ ಡಬ್ಬಿ ನನ್ನ ಮಗನ ಮದಿವಿ ಕೆಡಸ್ತು!"

"ನೀರಿಲ್ಲದಾಗ ಓಡಬೇಕು ಅಂದವ ನೀನೇ ಅಲ್ಲೇನೋ?" ಎಂದು ನಾನೂ ಗಂಟಲೇರಿಸಿದೆ.

"ಹೌದ್ರೀ, ನೀರಿಲ್ಲದಾಗ ಓಡು ಅಂದೀನಿ. ನೀರಿದ್ದಾಗ ನಿಲ್ಲು ಅಂತ ಯಾವಾಗ ಅಂದೀನಿ?"